ಮಳೆಗಾಲದ ಘಾಟಿ, ಮೀಟರಿನ ದೀಪ



ಆರಿದ್ರಾ ಮಳೆ ಹಿಡಿದುಕೊಂಡಿತೆಂದರೆ ಸಕಲೇಶಪುರ, ಆಲೂರು ಕಡೆಯ ಗ್ಯಾರೇಜುಗಳ ಮುಂದೆ ಕಾರುಗಳು ಸಾಲು ನಿಲ್ಲುತ್ತವೆ. ಹಿಂದೆ ಈ ಸೀಮೆಯಲ್ಲಿ ಓಡುತ್ತಿದ್ದದ್ದು ಜೀಪು. ಅದರ ಮೀಟರಿನಲ್ಲಿ ಇದ್ದದ್ದೇ ನಾಲ್ಕು ಮುಳ್ಳು, ಅದರಲ್ಲಿ ಎರಡು ಅಲ್ಲಾಡುತ್ತಲೇ ಇರಲಿಲ್ಲ. ಏನು ಕೆಟ್ಟರೂ ಸದ್ದಿನಲ್ಲೋ ವಾಸನೆಯಲ್ಲೋ ಗೊತ್ತಾಗುತ್ತಿತ್ತು. ಈಗಿನ ಕಾರಿನಲ್ಲಿ ಸದ್ದು ಒಳಗೆ ಕೇಳಿಸುವುದಿಲ್ಲ, ಅದರ ಬದಲು ದೀಪ ಉರಿಯುತ್ತದೆ. ದೀಪ ಕಂಡ ಕೂಡಲೇ ಬೆವರುವವರು ಕೆಲವರು. ಉರಿದರೆ ಉರಿಯಲಿ, ಗಾಡಿ ಓಡುತ್ತದಲ್ಲ ಅನ್ನುವವರು ಇನ್ನು ಕೆಲವರು. ನನಗೆ ಹೆಚ್ಚು ಭಯ ಈ ಎರಡನೆಯವರದ್ದೇ.

ಬೆಂಗಳೂರಿನಲ್ಲಿ ಕಾರು ಕೆಟ್ಟರೆ ಫೋನ್ ಮಾಡಿ ಚಹಾ ಕುಡಿಯುತ್ತ ಕೂರಬಹುದು. ಹೆತ್ತೂರು ದಾಟಿ ಬಿಸಿಲೆ ಕಡೆ ಹೋದರೆ ಫೋನಿಗೆ ಸಿಗ್ನಲ್ಲೇ ಸಿಗುವುದಿಲ್ಲ. ಹಾಗಾಗಿ ನಮ್ಮ ಕಡೆಯವರು ದೀಪ ಕಂಡಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಗಾಡಿ ಈಗಲೇ ನಿಲ್ಲಬೇಕೋ, ಮನೆ ಮುಟ್ಟಬಹುದೋ, ನಾಳೆ ಹಾಸನಕ್ಕೆ ಹೋದರೆ ಸಾಕೋ? ರಿಪೇರಿ ಮೆಕ್ಯಾನಿಕ್ ಮಾಡಲಿ. ಈ ತೀರ್ಮಾನ ಮಾತ್ರ ಸ್ಟಿಯರಿಂಗ್ ಹಿಡಿದವರದು. ಅದಕ್ಕೆ ಮೊದಲ ಗುರುತು ಬಣ್ಣ. ಕೆಂಪು ಅಂದರೆ ಈಗಲೇ, ಹಳದಿ ಅಂದರೆ ಬೇಗ. ಹಸಿರು ಮತ್ತು ನೀಲಿ ದೀಪಗಳು ಬಹುಪಾಲು ಯಾವುದೋ ಸ್ವಿಚ್ ಹಾಕಿದೆ ಎಂದು ಹೇಳುವಂಥವು, ಅವನ್ನು ಬಿಟ್ಟುಬಿಡಿ.

ಕೆಂಪಿನಲ್ಲಿ ಎಲ್ಲಕ್ಕಿಂತ ಅವಸರದ್ದು ಆಯಿಲ್ ದೀಪ, ಕುಪ್ಪಿಯ ಮೂತಿಯಿಂದ ಹನಿ ಬೀಳುವ ಚಿತ್ರ. ಇದು ತೋರಿಸುವುದು ಇಂಜಿನ್ ಆಯಿಲಿನ ಒತ್ತಡವನ್ನು. ಒತ್ತಡ ಬಿತ್ತೆಂದರೆ ಒಳಗೆ ಲೋಹಕ್ಕೆ ಲೋಹ ತಿಕ್ಕುತ್ತದೆ, ಕೆಲವೇ ನಿಮಿಷದಲ್ಲಿ ಇಂಜಿನ್ ಕಚ್ಚಿಕೊಳ್ಳುತ್ತದೆ. ನಮ್ಮ ಕಡೆ ಇದಕ್ಕೆ ಮಾಮೂಲಿ ಕಾರಣ ತೋಟದ ರಸ್ತೆಯಲ್ಲಿ ಮಳೆಗೆ ಎದ್ದು ನಿಂತ ಕಲ್ಲು. ಇಂಜಿನ್ ಅಡಿಯ ಆಯಿಲ್ ಚೇಂಬರಿಗೆ ಬಡಿದಾಗ ‘ಟಣ್’ ಅಂತ ಕೇಳಿರುತ್ತದೆ, ನಾವು ಲಕ್ಷ್ಯ ಕೊಟ್ಟಿರುವುದಿಲ್ಲ. ಎರಡು ಮೈಲಿ ಹೋಗುವಷ್ಟರಲ್ಲಿ ಆಯಿಲ್ ರಸ್ತೆಯ ಪಾಲಾಗಿರುತ್ತದೆ. ದೀಪ ಬಂದ ತಕ್ಷಣ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ, ಬಗ್ಗಿ ಕೆಳಗೆ ನೋಡಿ. ಸೋರಿಕೆ ಕಾಣದಿದ್ದರೆ ಹತ್ತು ನಿಮಿಷ ಬಿಟ್ಟು ಡಿಪ್ ಸ್ಟಿಕ್ ಎಳೆಯಿರಿ. ಮೊದಲ ಸಲ ಎಳೆದಾಗ ಕಾಣುವ ಅಳತೆಯನ್ನು ನಂಬಬೇಡಿ. ಬಟ್ಟೆಯಿಂದ ಒರೆಸಿ, ಪೂರ್ತಿ ಒಳಕ್ಕಿಟ್ಟು, ಮತ್ತೆ ಎಳೆದು ನೋಡಿ. ಕಡ್ಡಿಯ ತುದಿಯಲ್ಲಿ ಎರಡು ಗುರುತುಗಳಿವೆ, ಆಯಿಲ್ ಅವುಗಳ ನಡುವೆ ಇರಬೇಕು. ಬಹಳಷ್ಟು ಕಾರುಗಳಲ್ಲಿ ಆ ಎರಡು ಗುರುತುಗಳ ಅಂತರ ಸುಮಾರು ಒಂದು ಲೀಟರ್. ಕೆಳಗಿನ ಗುರುತಿಗಿಂತ ಕಡಿಮೆಯಿದ್ದು, ಕಾರಿನಲ್ಲಿ ಆಯಿಲ್ ಡಬ್ಬಿ ಇದ್ದು, ಹಾಕಿದ ಮೇಲೆ ದೀಪ ಆರಿತೋ, ಮೆಲ್ಲಗೆ ಹೊರಡಿ. ಅಳತೆ ಸರಿಯಿದ್ದೂ ದೀಪ ಉರಿಯುತ್ತಿದೆಯೋ, ಮತ್ತೆ ಸೆಲ್ಫ್ ಹೊಡೆಯಲೇಬೇಡಿ.

ಎರಡನೆಯದು ಟೆಂಪರೇಚರ್ ದೀಪ. ಮಳೆಗಾಲದಲ್ಲಿ ಇಂಜಿನ್ ಹೇಗೆ ಬಿಸಿಯಾದೀತು ಎಂದು ಕೇಳುವವರಿದ್ದಾರೆ. ಆಗುತ್ತದೆ. ತೋಟದ ಕೆಸರು, ಒಣ ಎಲೆ, ಕಾಫಿ ಹೊಟ್ಟು ರೇಡಿಯೇಟರಿನ ಸಂದಿಗಳಿಗೆ ಮೆತ್ತಿಕೊಂಡು ಗಾಳಿ ಆಡದಂತೆ ಮಾಡುತ್ತವೆ. ಆಮೇಲೆ ಘಾಟಿ ಹತ್ತುವಾಗ, ಮುಂದೆ ಲಾರಿಗಳ ಸಾಲು, ಫಸ್ಟ್ ಗೇರಿನಲ್ಲಿ ತೆವಳುವಾಗ ಮುಳ್ಳು ಮೇಲೇರುತ್ತದೆ. ಆಗ ಎ.ಸಿ. ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಕಿಟಕಿ ಇಳಿಸಿ. ನಿಮಗೆ ಸೆಖೆಯಾಗುತ್ತದೆ, ಆದರೆ ಇಂಜಿನ್ನಿನ ಬಿಸಿಯಲ್ಲಿ ಒಂದು ಪಾಲು ಒಳಗೆ ಬಂದು ಹೊರಟುಹೋಗುತ್ತದೆ. ಮುಳ್ಳು ಇಳಿಯದಿದ್ದರೆ ನಿಲ್ಲಿಸಿ. ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ. ಒಳಗೆ ಒತ್ತಡ ಇರುವುದರಿಂದ ಆ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಕುಳಿತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಒಮ್ಮೆಲೇ ಕುದಿದು ಆವಿಯ ಜೊತೆ ಮುಖಕ್ಕೇ ಹಾರುತ್ತದೆ. ಅರ್ಧ ಗಂಟೆ ಕಾಯಿರಿ.

ಬ್ಯಾಟರಿ ಚಿತ್ರದ ಕೆಂಪು ದೀಪ ಸ್ವಲ್ಪ ಕರುಣೆಯುಳ್ಳದ್ದು. ಆಲ್ಟರ್ನೇಟರ್ ಕರೆಂಟ್ ಕೊಡುತ್ತಿಲ್ಲ, ಬ್ಯಾಟರಿಯಲ್ಲಿ ಉಳಿದದ್ದರ ಮೇಲೆ ಗಾಡಿ ಓಡುತ್ತಿದೆ ಎಂದರ್ಥ. ಹಗಲಾದರೆ ಎ.ಸಿ., ರೇಡಿಯೋ ಎಲ್ಲ ಆರಿಸಿ ಅರ್ಧ ಗಂಟೆ ಓಡಿಸಬಹುದು. ಈ ಒಂದು ಸಂದರ್ಭದಲ್ಲಿ ರೇಡಿಯೋದಲ್ಲಿ ಬರುತ್ತಿರುವ ನನ್ನ ಈ ಭಾಷಣವನ್ನೂ ಆರಿಸಿಬಿಡಿ, ಬೇಜಾರಿಲ್ಲ. ರಾತ್ರಿ ಹೆಡ್‌ಲೈಟೂ ವೈಪರೂ ಬೇಕೇ ಬೇಕು, ಆಗ ಅಷ್ಟು ದೂರ ಬರುವುದಿಲ್ಲ. ಆದರೆ ಬ್ಯಾಟರಿ ದೀಪದ ಜೊತೆಗೇ ಟೆಂಪರೇಚರ್ ಮುಳ್ಳೂ ಏರತೊಡಗಿದರೆ ಬೆಲ್ಟ್ ಹರಿದಿದೆ ಅಂತಲೇ ತಿಳಿಯಿರಿ. ಹಲವು ಕಾರುಗಳಲ್ಲಿ ಆಲ್ಟರ್ನೇಟರಿಗೂ ವಾಟರ್ ಪಂಪಿಗೂ ಒಂದೇ ಬೆಲ್ಟು. ಆಗ ಕರುಣೆ ಮುಗಿಯಿತು, ನಿಲ್ಲಿಸಿ.

ಇನ್ನು ಬ್ರೇಕು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಯಾಕೆಂದರೆ ನಮ್ಮ ಮನೆ ಬಾಗಿಲಲ್ಲೇ ಶಿರಾಡಿ ಘಾಟಿ ಇದೆ.

ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುವ ಕೆಂಪು ದೀಪ ಹ್ಯಾಂಡ್ ಬ್ರೇಕ್ ಎಳೆದಾಗಲೂ ಬರುತ್ತದೆ, ಬ್ರೇಕ್ ಆಯಿಲ್ ಕಡಿಮೆಯಾದಾಗಲೂ ಬರುತ್ತದೆ. ಹ್ಯಾಂಡ್ ಬ್ರೇಕ್ ಬಿಟ್ಟ ಮೇಲೂ ಉರಿಯುತ್ತಿದ್ದರೆ ಬಾನೆಟ್ ಎತ್ತಿ ಬ್ರೇಕ್ ಆಯಿಲಿನ ಪುಟ್ಟ ಡಬ್ಬಿ ನೋಡಿ. ಸೋರಿಕೆ ಇಲ್ಲದೆಯೂ ಅದು ಇಳಿಯುತ್ತದೆ: ಪ್ಯಾಡ್ ಸವೆದಷ್ಟೂ ಆಯಿಲ್ ಚಕ್ರದ ಕಡೆಗೆ ಸರಿಯುತ್ತದೆ. ಅಂದರೆ ಆ ದೀಪ ಒಮ್ಮೊಮ್ಮೆ ಪ್ಯಾಡ್ ಮುಗಿಯುತ್ತ ಬಂತು ಎಂದು ಹೇಳುತ್ತಿರುತ್ತದೆ. ಮೇಲೆ ಆಯಿಲ್ ಸುರಿದು ದೀಪ ಆರಿಸಿಕೊಂಡರೆ ಸುದ್ದಿ ತಂದವನ ಬಾಯಿ ಮುಚ್ಚಿಸಿದ ಹಾಗಾಯಿತು, ಅಷ್ಟೆ.

ಸಕಲೇಶಪುರ ಸಮುದ್ರ ಮಟ್ಟಕ್ಕಿಂತ ಒಂಬೈನೂರು ಮೀಟರಿಗೂ ಮೇಲೆ ಇದೆ. ಘಾಟಿಯ ಬುಡದ ಗುಂಡ್ಯ ಮುಟ್ಟುವಷ್ಟರಲ್ಲಿ ಏಳುನೂರು ಮೀಟರಿಗೂ ಹೆಚ್ಚು ಇಳಿದಿರುತ್ತೇವೆ. ಒಂದು ಟನ್ ತೂಕದ ಕಾರು ಅಷ್ಟು ಎತ್ತರದಿಂದ ಇಳಿಯುವಾಗ ಹುಟ್ಟುವ ಶಕ್ತಿ ಹತ್ತಿರ ಹತ್ತಿರ ಎರಡು ಯೂನಿಟ್ ಕರೆಂಟಿನಷ್ಟು, ಇಪ್ಪತ್ತು ಲೀಟರ್ ತಣ್ಣೀರು ಕುದಿ ಬರುವಷ್ಟು. ಗಾಡಿಯ ವೇಗ ಏರದಂತೆ ಹಿಡಿಯಬೇಕಾದರೆ ಅಷ್ಟೂ ಎಲ್ಲಾದರೂ ಶಾಖವಾಗಿ ಹೋಗಲೇಬೇಕು. ಲೋ ಗೇರಿನಲ್ಲಿ ಇಳಿದರೆ ದೊಡ್ಡ ಪಾಲನ್ನು ಇಂಜಿನ್ ತೆಗೆದುಕೊಳ್ಳುತ್ತದೆ. ನ್ಯೂಟ್ರಲ್ ಮಾಡಿ ಜಾರಿದರೆ ಅಷ್ಟೂ ನಾಲ್ಕು ಚಕ್ರದ ಬ್ರೇಕಿನ ತಲೆಯ ಮೇಲೆ.

ಇಲ್ಲಿ ಮಲೆನಾಡಿನವರಿಗೇ ಮೀಸಲಾದ ಒಂದು ತೊಂದರೆ ಇದೆ. ಬ್ರೇಕ್ ಆಯಿಲಿಗೆ ಗಾಳಿಯ ತೇವ ಹೀರುವ ಗುಣ. ಡಾಟ್ 4 ಅನ್ನುವ ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿ ಹಳೆಯದಾದ ಆಯಿಲಿಗೆ ಅದೇ ನಿಯಮ ಇಟ್ಟಿರುವ ಮಿತಿ 155 ಡಿಗ್ರಿ. ವರ್ಷದಲ್ಲಿ ನಾಲ್ಕೈದು ತಿಂಗಳು ಗೋಡೆಯೇ ಬೆವರುವ ನಮ್ಮ ಊರುಗಳಲ್ಲಿ ಆ ಡಬ್ಬಿಯೊಳಗೆ ಏನಾಗುತ್ತಿರಬಹುದು, ನೀವೇ ಊಹಿಸಿ. ಘಾಟಿಯ ಮೇಲಿನ ದೋಣಿಗಲ್ಲಿನಿಂದ ಬ್ರೇಕ್ ತುಳಿದುಕೊಂಡೇ ಇಳಿದವರಿಗೆ ಮೊದಲು ಸುಟ್ಟ ವಾಸನೆ ಬರುತ್ತದೆ. ಆಮೇಲೆ ಪೆಡಲ್ ಮೆತ್ತಗಾಗುತ್ತದೆ. ಆಮೇಲೆ ಒಂದು ತಿರುವಿನಲ್ಲಿ ಕಾಲು ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಪೈಪಿನೊಳಗೆ ಆಯಿಲ್ ಕುದಿದು ಆವಿಯಾಗಿದೆ, ನೀವು ತುಳಿಯುತ್ತಿರುವುದು ಆ ಆವಿಯನ್ನು. ಆಯಿಲ್ ಕಡಿಮೆಯಾಗಿಲ್ಲವಾದ್ದರಿಂದ ಬಹಳಷ್ಟು ಕಾರುಗಳಲ್ಲಿ ದೀಪ ಉರಿಯುವುದೂ ಇಲ್ಲ. ಹಾಗಾದಲ್ಲಿ ಪೆಡಲನ್ನು ಪಟಪಟನೆ ಪಂಪ್ ಮಾಡಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ಮೆಲ್ಲಮೆಲ್ಲಗೆ ಎಳೆಯಿರಿ, ಗುಡ್ಡದ ಬದಿಗೆ ತನ್ನಿ. ಕೀ ಆರಿಸಬೇಡಿ, ಸ್ಟಿಯರಿಂಗ್ ಬಿಗಿಯಾಗುತ್ತದೆ. ಆದರೆ ಇದೆಲ್ಲ ಕೊನೇ ಗಳಿಗೆಯ ಪಾಡು. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸಿ, ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಅನ್ನುವ ಹಳೇ ಲಾರಿ ಡ್ರೈವರುಗಳ ಮಾತು ಪಾಲಿಸಿದರೆ ಈ ಪಾಡು ಬರುವುದಿಲ್ಲ.

ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಜೀಪಿನ ಕಾಲದ್ದು. ಈಗಿನ ಇಂಜಿನ್ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಐಡ್ಲಿಂಗಿಗಾದರೂ ಕುಡಿಯುತ್ತಿರುತ್ತದೆ. 2015ರಲ್ಲೂ 2018ರಲ್ಲೂ ತಿಂಗಳುಗಟ್ಟಲೆ ರಸ್ತೆ ಮುಚ್ಚಿ ಶಿರಾಡಿಗೆ ಕಾಂಕ್ರೀಟ್ ಹಾಕಿದರಲ್ಲ, ಅದಕ್ಕೂ ಮೊದಲು ಗುಂಡಿಗಳೇ ನಮ್ಮ ವೇಗ ಹಿಡಿಯುತ್ತಿದ್ದವು. ಕಾಂಕ್ರೀಟಾದ ಮೇಲೆ ರಸ್ತೆ ನುಣುಪಾಯಿತು, ಹಿಡಿಯುವ ಕೆಲಸ ಬ್ರೇಕಿಗೆ ಬಂತು. ಪಕ್ಕದಲ್ಲೇ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ದಾರಿಯಲ್ಲಿ ಐವತ್ತು ಮೀಟರಿಗೆ ಒಂದು ಮೀಟರ್ ಇಳಿಜಾರು, ಅಷ್ಟೆ. ಅಷ್ಟಕ್ಕೇ ರೈಲಿನವರು ಹೆಚ್ಚುವರಿ ಇಂಜಿನ್ ಕಟ್ಟಿ ನಿಧಾನವಾಗಿ ಇಳಿಸುತ್ತಾರೆ. ಕಾರಿನವರಿಗೆ ಯಾಕೆ ಅವಸರವೋ!

ಕೆಂಪು ಬಂದರೆ ನಿಲ್ಲಿ ಎಂದೆನಲ್ಲ, ಆ ನಿಯಮಕ್ಕೆ ನಮ್ಮ ಸೀಮೆಯಲ್ಲಿ ಒಂದು ತಿದ್ದುಪಡಿ ಇದೆ: ಆನೆ. ಆಲೂರು, ಕೆಂಚಮ್ಮನ ಹೊಸಕೋಟೆ ಕಡೆ ಸಂಜೆಯಾದ ಮೇಲೆ ರಸ್ತೆ ಬದಿ ನಿಲ್ಲಿಸಿ, ಬಾನೆಟ್ ಎತ್ತಿ, ಟಾರ್ಚ್ ಹಿಡಿದು ಬಗ್ಗಿ ನಿಲ್ಲುವುದು ಬುದ್ಧಿವಂತಿಕೆಯಲ್ಲ. ಅರಣ್ಯ ಇಲಾಖೆಯಿಂದ ಆನೆಗಳು ಎಲ್ಲಿವೆ ಎಂಬ ಸಂದೇಶ ಮೊಬೈಲಿಗೆ ಬರುತ್ತದಲ್ಲ, ರಾತ್ರಿ ಹೊರಡುವ ಮುಂಚೆ ಅದನ್ನೊಮ್ಮೆ ಓದಿಕೊಳ್ಳಿ. ಆನೆ ಇರುವ ಜಾಗದಲ್ಲಿ ಆಯಿಲ್ ದೀಪ ಬಂತು ಅನ್ನಿ. ನನ್ನ ಅಭಿಪ್ರಾಯ ಕೇಳಿದರೆ, ಮುಂದಿನ ತೋಟದ ಲೈನ್ ಮನೆಯೋ ಅಂಗಡಿಯೋ ಸಿಗುವವರೆಗೆ ಓಡಿಸಿ. ಇಂಜಿನ್ ಹೋದರೆ ಹೋಗಲಿ, ಅದಕ್ಕೆ ದುಡ್ಡಿನ ಲೆಕ್ಕ ಇದೆ. ಗಾಡಿ ತಾನೇ ನಿಂತುಬಿಟ್ಟರೆ ಗಾಜು ಏರಿಸಿ ಒಳಗೇ ಕೂತಿರಿ, ಹಾರ್ನ್ ಮಾಡಬೇಡಿ.

ಹಳದಿ ದೀಪಗಳಿಗೆ ಬರೋಣ. ಇವುಗಳಲ್ಲಿ ಹೆಸರುವಾಸಿ ಇಂಜಿನ್ ಆಕಾರದ ಚೆಕ್ ಇಂಜಿನ್ ದೀಪ. ಒಂದೇ ಸಮ ಉರಿಯುತ್ತಿದ್ದು, ಗಾಡಿಯ ಓಟದಲ್ಲಿ ವ್ಯತ್ಯಾಸವಿಲ್ಲದಿದ್ದಲ್ಲಿ ನಾಳೆ ನಾಡಿದ್ದು ತೋರಿಸಿದರೆ ಆಯಿತು. ಮಿಟುಕುತ್ತಿದ್ದರೆ ಬೇರೆ ಮಾತು. ಪೆಟ್ರೋಲ್ ಕಾರಿನಲ್ಲಿ ಯಾವುದೋ ಸಿಲಿಂಡರಿನಲ್ಲಿ ಕಿಡಿ ತಪ್ಪಿ, ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ. ಆ ಕನ್ವರ್ಟರ್ ದುಬಾರಿ ಸಾಮಾನು. ಆಕ್ಸಿಲರೇಟರ್ ಹಗುರ ಮಾಡಿ, ಹತ್ತಿರದ ಊರಿನಲ್ಲಿ ನಿಲ್ಲಿಸಿ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚುವ ಪುಟ್ಟ ಸ್ಕ್ಯಾನರುಗಳು ಈಗ ಸಿಗುತ್ತವೆ, ಮೊಬೈಲಿನಲ್ಲಿ ಕೋಡ್ ತೋರಿಸುತ್ತವೆ. ಇಟ್ಟುಕೊಳ್ಳಿ, ಒಳ್ಳೆಯದೇ. ಆದರೆ ಕೋಡ್ ತೋರಿಸಿದ ಸಾಮಾನನ್ನೇ ಕಣ್ಣು ಮುಚ್ಚಿ ಬದಲಾಯಿಸಬೇಡಿ. ಸೆನ್ಸರ್ ಕೆಟ್ಟಿದೆ ಎಂದು ಅದು ಹೇಳಿದಾಗ ಸೆನ್ಸರಿಗೆ ಹೋಗುವ ವೈರ್ ಕಡಿದಿರಬಹುದು. ಕಡಿದವರು ಯಾರು ಎಂದು ಆಮೇಲೆ ಹೇಳುತ್ತೇನೆ.

ಇತ್ತೀಚೆಗೆ ತೋಟದವರಿಗೆ ತಲೆನೋವಾಗಿರುವ ಹಳದಿ ದೀಪ ಇನ್ನೊಂದು, ಡಿಪಿಎಫ್. 2020ರ ಏಪ್ರಿಲ್ ಒಂದರಿಂದ ಬಿಎಸ್ 6 ನಿಯಮ ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್ ಇದೆ. ನೆರೆಯ ಬೆಳೆಗಾರರೊಬ್ಬರು ಫೋನ್ ಮಾಡಿದ್ದರು.

“ಅಣ್ಣಾ, ಹೊಸ ಗಾಡಿ, ಹಳದಿ ದೀಪ ಬಂದು ಕೂತಿದೆ. ಬಿಟ್ಟುಹೋಗಿ ನೋಡ್ತೀವಿ ಅಂತಾರೆ ಶೋರೂಮಿನವರು.”

“ಹಾಸನಕ್ಕೆ ಹೋಗಿ ಎಷ್ಟು ದಿನ ಆಯ್ತಪ್ಪ?”

“ಎಲ್ಲಿ ಹಾಸನ! ಕೊಯ್ಲು ನಡೀತಿದೆ. ಮನೆಯಿಂದ ಕಣ, ಕಣದಿಂದ ತೋಟ.”

ರೋಗ ಅಲ್ಲೇ ಇದೆ. ಆ ಮಸಿ ಉರಿದು ಬೂದಿಯಾಗಬೇಕಾದರೆ ಫಿಲ್ಟರಿನೊಳಗೆ ಆರುನೂರು ಡಿಗ್ರಿ ಹತ್ತಿರದ ಶಾಖ ಬೇಕು. ಸೆಕೆಂಡ್ ಗೇರಿನಲ್ಲಿ ತೋಟ ಸುತ್ತುವ ಗಾಡಿಗೆ ಆ ಶಾಖ ಎಂದಿಗೂ ಬರುವುದಿಲ್ಲ. ಬಚ್ಚಲ ಒಲೆಗೆ ದಿನವೂ ಹಸಿ ಸೌದೆ ಹಾಕಿ ಹೊಗೆಕೊಳವೆ ಕಟ್ಟಿಸಿಕೊಂಡ ಹಾಗೆ. ದೀಪ ಈಗಷ್ಟೇ ಬಂದಿದೆ, ಬೇರೆ ದೀಪ ಜೊತೆಗಿಲ್ಲ ಅಂತಾದರೆ ಮದ್ದು ಸುಲಭ. ಬಾಳ್ಳುಪೇಟೆಯಿಂದ ಹಾಸನದ ಕಡೆ ಹೆದ್ದಾರಿಗೆ ಇಳಿದು, ಅರವತ್ತಕ್ಕಿಂತ ಮೇಲಿನ ವೇಗದಲ್ಲಿ, ಇಂಜಿನ್ ಎರಡು ಸಾವಿರ ಸುತ್ತು ದಾಟಿರುವಂಥ ಗೇರಿನಲ್ಲಿ, ಹದಿನೈದು ಇಪ್ಪತ್ತು ನಿಮಿಷ ಎಡೆಬಿಡದೆ ಓಡಿಸಿ. ಕಂಪನಿಯ ಪುಸ್ತಕದಲ್ಲಿ ನಿಮ್ಮ ಗಾಡಿಯ ಅಳತೆ ಬರೆದಿರುತ್ತದೆ. ಬಹಳ ಸಲ ದೀಪ ತಾನೇ ಆರುತ್ತದೆ. ನೆರೆಯವರ ಗಾಡಿಯಲ್ಲೂ ಹಾಗೇ ಆಯಿತು. ಕಡೆಗಣಿಸಿದರೆ ಗಾಡಿ ಎಳೆಯುವುದನ್ನು ಬಿಡುತ್ತದೆ, ಆಮೇಲೆ ಫಿಲ್ಟರನ್ನೇ ಬಿಚ್ಚಬೇಕು. ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಇಳಿಯುವ ಬದಲು ಏರಿದ್ದು ಕಂಡರೂ ಇದೇ ಕಥೆ: ಮಸಿ ಸುಡುವ ಕೆಲಸ ಅರ್ಧಕ್ಕೇ ನಿಂತು, ಅದಕ್ಕೆಂದು ಬಿಟ್ಟ ಡೀಸೆಲ್ಲು ಇಂಜಿನ್ ಆಯಿಲಿಗೆ ಸೇರಿದೆ.

ಇದರಲ್ಲಿ ಒಂದು ಅಪಾಯ ಇದೆ. ಮಸಿ ಸುಡುತ್ತಿರುವಾಗ ಸೈಲೆನ್ಸರ್ ಭಾಗ ಕೆಂಡದಷ್ಟು ಬಿಸಿ. ನಿಲ್ಲಿಸಿದ ಮೇಲೂ ಮುಂದಿನ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಅದು ನಡೆಯುತ್ತಿದ್ದಿರಬಹುದು. ಆಗ ಒಣ ತರಗೆಲೆಯ ಮೇಲೋ ಕಾಫಿ ಹೊಟ್ಟಿನ ಮೇಲೋ ಗಾಡಿ ನಿಲ್ಲಿಸಬೇಡಿ. ಫೆಬ್ರವರಿ, ಮಾರ್ಚಿನಲ್ಲಂತೂ ಬೇಡವೇ ಬೇಡ.

ಉಳಿದ ದೀಪಗಳನ್ನು ಬೇಗ ಹೇಳಿಬಿಡುತ್ತೇನೆ. ಎಬಿಎಸ್ ದೀಪ ಮಳೆಗಾಲದಲ್ಲಿ ಬಂದರೆ ಚಕ್ರದ ಸೆನ್ಸರಿಗೆ ಕೆಸರು ಮೆತ್ತಿರಬಹುದು, ನೀರು ಬಿಟ್ಟು ತೊಳೆದು ನೋಡಿ. ಮಾಮೂಲಿ ಬ್ರೇಕ್ ಕೆಲಸ ಮಾಡುತ್ತಿರುತ್ತದೆ. ಚಳಿಗಾಲದ ಬೆಳಿಗ್ಗೆ ಟೈರ್ ದೀಪ ಬಂದರೆ ಪಂಕ್ಚರೇ ಆಗಿರಬೇಕೆಂದಿಲ್ಲ, ಹತ್ತು ಡಿಗ್ರಿ ತಣ್ಣಗಾದರೆ ಗಾಳಿ ಸುಮಾರು ಒಂದೂವರೆ ಪೌಂಡಿನಷ್ಟು ಇಳಿಯುತ್ತದೆ. ಏರ್‌ಬ್ಯಾಗ್ ದೀಪ ಬಂತೆಂದರೆ ಮುಂದಿನ ಸೀಟಿನ ಅಡಿಗೆ ಕತ್ತಿ, ಗೊಬ್ಬರದ ಚೀಲ ಏನಾದರೂ ತುರುಕಿದ್ದೀರಾ ನೆನಪು ಮಾಡಿಕೊಳ್ಳಿ. ಅಲ್ಲೊಂದು ಹಳದಿ ಬಣ್ಣದ ಪ್ಲಗ್ ಇರುತ್ತದೆ, ಎಳೆತಕ್ಕೆ ಸಡಿಲವಾಗುತ್ತದೆ. ಅದನ್ನು ನೀವು ಮುಟ್ಟಬೇಡಿ, ಮೆಕ್ಯಾನಿಕ್‌ಗೆ ಹೇಳಿ. ಪಕ್ಕದ ಸೀಟಿನಲ್ಲಿ ಬಾಳೆಗೊನೆ ಇಟ್ಟರೆ ಬೆಲ್ಟ್ ಹಾಕು ಎಂದು ಕಾರು ಒಂದೇ ಸಮ ಕೂಗುತ್ತದಲ್ಲ, ಅದು ಕೆಟ್ಟದ್ದಲ್ಲ. ಗೊನೆಗೂ ಬೆಲ್ಟ್ ಹಾಕಿ, ಸುಮ್ಮನಾಗುತ್ತದೆ.

ಹಳೇ ಕಾರು ಕೊಳ್ಳುವವರು ಇದೊಂದು ಕೇಳಿ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ತಿರುಗಿಸಿದರೆ ಎಚ್ಚರಿಕೆಯ ದೀಪಗಳು ಒಮ್ಮೆ ಉರಿಯಬೇಕು. ಉರಿಯದ ದೀಪ ಇದ್ದರೆ ಬಲ್ಬ್ ಕಿತ್ತಿದ್ದಾರೋ, ಟೇಪ್ ಅಂಟಿಸಿದ್ದಾರೋ ಎಂದು ವಿಚಾರಿಸಿ. ವ್ಯಾಪಾರ ಆಮೇಲೆ.

ಈಗ ವೈರ್ ಕಡಿದವರ ವಿಷಯ. ನಮ್ಮ ಕಡೆ ಕಾರಿನ ದೊಡ್ಡ ಶತ್ರು ಇಲಿ. ಹೊರಗೆ ಜಡಿಮಳೆ, ಶೆಡ್ಡಿನಲ್ಲಿ ನಿಂತ ಕಾರಿನ ಇಂಜಿನ್ ಬೆಚ್ಚಗೆ. ಅದಕ್ಕೆ ಇದಕ್ಕಿಂತ ಬಾಣಂತಿಮನೆ ಬೇಕೆ? ಬೆಳಿಗ್ಗೆ ಬಾನೆಟ್ ಎತ್ತಿದರೆ ಬ್ಯಾಟರಿಯ ಹಿಂದೆ ಸಿಲ್ವರ್ ಓಕಿನ ಎಲೆ, ಗೋಣಿಯ ನಾರು, ಬಾನೆಟ್ಟಿನ ಅಡಿಯಿಂದ ಕಿತ್ತ ಹತ್ತಿ ಎಲ್ಲ ಸೇರಿಸಿದ ಗೂಡು. ಪಕ್ಕದಲ್ಲಿ ಹಸಿರು ವೈರೊಂದರ ಮೇಲುಹೊದಿಕೆ ಬೆರಳುದ್ದ ಮಾಯವಾಗಿ ತಾಮ್ರ ಹೊಳೆಯುತ್ತಿರುತ್ತದೆ. ಒಮ್ಮೆಗೇ ಸಂಬಂಧವಿಲ್ಲದ ಮೂರು ನಾಲ್ಕು ದೀಪಗಳು ಉರಿದರೆ ಮೊದಲ ಗುಮಾನಿ ಇಲಿಯ ಮೇಲಿರಲಿ. ಹೊಗೆಸೊಪ್ಪಿನ ಎಸಳನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕುವ ಪದ್ಧತಿ ಇದೆ. ಪಕ್ಕದ ಅರಕಲಗೂಡಿನಲ್ಲಿ ಬೆಳೆಯುವ ಸೊಪ್ಪಿಗೆ ಇದೊಂದು ಒಳ್ಳೆಯ ಉಪಯೋಗ. ಘಾಟು ಇರುವವರೆಗೆ ಕೆಲಸ ಮಾಡುತ್ತದೆ, ಹದಿನೈದು ದಿನಕ್ಕೊಮ್ಮೆ ಬದಲಾಯಿಸಿ, ಸೈಲೆನ್ಸರಿಗೆ ತಾಗದ ಕಡೆ ಕಟ್ಟಿ. ಅದಕ್ಕಿಂತ ಒಳ್ಳೆಯದು, ನಿಲ್ಲಿಸಿದ ಗಾಡಿಯ ಬಾನೆಟ್ ತೆರೆದಿಟ್ಟು ಮೇಲೊಂದು ಬಲ್ಬ್ ಹಾಕುವುದು. ಬೆಳಕಿನಲ್ಲಿ, ಬಯಲಿನಲ್ಲಿ ಇಲಿ ಗೂಡು ಕಟ್ಟುವುದು ಕಡಿಮೆ. ಭತ್ತದ ಚೀಲ, ಕೋಳಿ ಕಾಳು ಕಾರಿನ ಶೆಡ್ಡಿನಲ್ಲಿ ಇಟ್ಟುಕೊಂಡು ಯಾವ ಉಪಾಯ ಮಾಡಿದರೂ ವ್ಯರ್ಥ.

ಇಲಿಯ ನಂತರ ತೇವ. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಲೈನರ್ ಡ್ರಮ್ಮಿಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಸೆಲ್ಫ್ ಹೊಡೆದಾಗ ಬರೀ ‘ಟಕ್ ಟಕ್’ ಅಂದರೆ ಬ್ಯಾಟರಿಯ ತುದಿಗಳಲ್ಲಿ ಬೆಳ್ಳಗೆ, ಹಸಿರಾಗಿ ಉಪ್ಪು ಹತ್ತಿದೆಯೇ ನೋಡಿ. ಮೈನಸ್ ತುದಿ ಮೊದಲು ಬಿಚ್ಚಿ, ಬಿಸಿನೀರಲ್ಲಿ ತೊಳೆದು ಒಣಗಿಸಿ, ಬಿಗಿಮಾಡಿ. ಮಲ್ಟಿಮೀಟರ್ ಇದ್ದವರು ಅಳೆಯಿರಿ: ಇಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಅಂದರೆ ತುಂಬಿದೆ, 12.2 ಅಂದರೆ ಅರ್ಧ. ಓಡುತ್ತಿರುವಾಗ 13.8ರಿಂದ 14.5ರ ನಡುವೆ ಇರಬೇಕು, ಇಲ್ಲದಿದ್ದರೆ ತಪ್ಪು ಸಾಮಾನ್ಯವಾಗಿ ಬ್ಯಾಟರಿಯದಲ್ಲ, ಆಲ್ಟರ್ನೇಟರಿನದು. ಇನ್ನೊಂದು ಗಾಡಿಯಿಂದ ವೈರ್ ಕೊಡುವಾಗ ಕಪ್ಪು ವೈರಿನ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಹಾಕದೆ ಆ ಕೆಟ್ಟು ನಿಂತ ಗಾಡಿಯದೇ ಇಂಜಿನ್ ಕಬ್ಬಿಣಕ್ಕೆ ಹಾಕಿ, ಕಿಡಿ ಬ್ಯಾಟರಿಯಿಂದ ದೂರ ಹಾರಲಿ. ಹಳ್ಳ ದಾಟುವಾಗ ನೀರು ನುಗ್ಗಿ ಗಾಡಿ ನಿಂತಿದ್ದರೆ ಮಾತ್ರ ಸೆಲ್ಫ್ ಮುಟ್ಟಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಒಂದೇ ಸೆಲ್ಫಿಗೆ ಕನೆಕ್ಟಿಂಗ್ ರಾಡ್ ಬಾಗಬಹುದು. ತಳ್ಳಿಸಿ ಮೇಲೆ ತನ್ನಿ.

ಕೊನೆಗೂ ಮೆಕ್ಯಾನಿಕ್‌ಗೆ ಫೋನ್ ಮಾಡುವುದೇ ಆದರೆ, “ಗಾಡಿ ಒಂಥರಾ ಆಡ್ತಿದೆ” ಅನ್ನಬೇಡಿ. ಯಾವ ಚಿತ್ರದ ದೀಪ, ಯಾವ ಬಣ್ಣ, ಮಿಟುಕುತ್ತಿದೆಯೋ ಒಂದೇ ಸಮ ಇದೆಯೋ, ಹತ್ತುವಾಗ ಬಂತೋ ಇಳಿಯುವಾಗ ಬಂತೋ, ಅದಕ್ಕೆ ಮುಂಚೆ ಕಲ್ಲು ಬಡಿದಿತ್ತೋ, ಇಷ್ಟು ಹೇಳಿ. ಅವರು ತರಬೇಕಾದ ಸಾಮಾನು ಅಲ್ಲೇ ತೀರ್ಮಾನವಾಗುತ್ತದೆ, ಒಂದು ಸಲ ಬರುವುದರಲ್ಲಿ ಕೆಲಸ ಮುಗಿಯುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತಿದ್ದರೆ 1033ಕ್ಕೆ ಫೋನ್ ಮಾಡಬಹುದು. ಕಿಲೋಮೀಟರ್ ಕಲ್ಲಿನ ಮೇಲಿನ ಅಂಕಿ ನೋಡಿಟ್ಟುಕೊಂಡು ಮಾಡಿ, ಮೊದಲು ಅದನ್ನೇ ಕೇಳುತ್ತಾರೆ.